ಬಿಡದಿಯ ಕಾರೊಂದರ ದೇಶಾಂತರ

ಉಪನ್ಯಾಸವೆಂಬ ಮಾತು ಕನ್ನಡಿಗರ ಕಿವಿಗೆ ಬಿದ್ದರೆ ಒಂದು ವೇದಿಕೆ, ಒಬ್ಬ ಮಾತುಗಾರ, ಎದುರಿಗೆ ಒಂದಿಷ್ಟು ಮಂದಿ ಶ್ರೋತೃಗಳು ಕಣ್ಣ ಮುಂದೆ ಬರುತ್ತಾರೆ. ಇದೇ ಮಾತು ಹಿಂದಿಯವರ ಅಥವಾ ಬಂಗಾಳಿಗಳ ಕಿವಿಗೆ ಬಿದ್ದರೆ ಅವರಿಗೆ ನೆನಪಾಗುವುದು ಕಾದಂಬರಿ. ಸಂಸ್ಕೃತದ 'ಅವಸರ'ವು ಉತ್ತರದ ನುಡಿಗಳಲ್ಲಿ ಒದಗಿ ಬಂದ ಸದವಕಾಶ. ನಮ್ಮಲ್ಲಿ ಅದು ಆತುರ. ಪದದ ಕಾಯ ಒಂದೇ ಆದರೂ ಹೊಕ್ಕ ಮನೆ ಬೇರೆಯಾದ ಕಾರಣ ಅದರ ಬಾಳೂ ಬೇರೆಯಾಯಿತು. ಪದಗಳಿಗೆ ಒದಗುವ ಈ ಗತಿ ಪದಾರ್ಥಗಳಿಗೂ ಒದಗುತ್ತದೆಂಬುದು ನನ್ನ ಎಣಿಕೆ.

ಅಂಥ ಒಂದು ಪದಾರ್ಥದ ದೇಶಾಂತರದ ಕಥೆಯನ್ನು ಇಂದು ನಿಮ್ಮ ಮುಂದಿಡಬೇಕೆಂದಿದ್ದೇನೆ. ಅದು ಜಪಾನಿನ ಟೊಯೋಟಾ ಸಂಸ್ಥೆಯ 'ಇಟಿಯೋಸ್' ಎಂಬ ಸಣ್ಣ ಕಾರು. ಹೆಸರು ಗ್ರೀಕ್ ಭಾಷೆಯ 'ಈಥೋಸ್' ಎಂಬ ಪದದಿಂದ ಬಂದದ್ದು. ಸ್ವಭಾವ, ಶೀಲ, ಅಂತಃಸತ್ವ ಎಂದೆಲ್ಲ ಅದಕ್ಕೆ ಅರ್ಥ ಹೇಳಬಹುದು. ಹುಟ್ಟಿದ್ದು ನಮ್ಮ ಬಿಡದಿಯಲ್ಲಿ. ಜಪಾನೀಯರ ಈ ಕಾರು ಜಪಾನಿನಲ್ಲಿ ಎಂದೂ ಮಾರಾಟವಾಗಲಿಲ್ಲ. ಭಾರತ, ದಕ್ಷಿಣ ಆಫ್ರಿಕ, ಬ್ರೆಜಿಲ್, ಇಂಡೊನೇಷ್ಯ—ಈ ನಾಲ್ಕು ನಾಡುಗಳಲ್ಲಿ ಅದು ನಾಲ್ಕು ಬಗೆಯಾಗಿ ಬಾಳಿತು.

ಸಾಹಿತ್ಯದ ಮೇಷ್ಟ್ರಿಗೆ ಮೋಟಾರು ಕಾರಿನ ಗೊಡವೆ ಏಕೆ ಎಂದು ನೀವು ಕೇಳಬಹುದು. ನಾನಿರುವುದು ಬೆಂಗಳೂರಿನ ಉತ್ತರಕ್ಕೆ, ಹೆಸರಘಟ್ಟದಲ್ಲಿ. ಅರ್ಕಾವತಿಗೆ ಅಡ್ಡಲಾಗಿ ೧೮೯೪ರಲ್ಲಿ ಕಟ್ಟಿದ ಇಲ್ಲಿನ ಕೆರೆ ಒಂದು ಕಾಲಕ್ಕೆ ಬೆಂಗಳೂರಿಗೆ ಕುಡಿಯುವ ನೀರು ಕೊಟ್ಟಿತು. ಈಗ ನಮ್ಮೂರಿನಿಂದ ಬೆಳಗಿನ ಜಾವ ನಗರದ ಕಡೆಗೆ ಹರಿಯುವುದು ಹಳದಿ ಬೋರ್ಡಿನ ಕಾರುಗಳ ಸಾಲು. ಯಲಹಂಕದ ಮೂಲಕ ವಿಮಾನ ನಿಲ್ದಾಣಕ್ಕೆ, ಯಶವಂತಪುರದ ರೈಲು ನಿಲ್ದಾಣಕ್ಕೆ, ಹೆಬ್ಬಾಳದಾಚೆಯ ಕಚೇರಿಗಳಿಗೆ. ಆ ಸಾಲಿನಲ್ಲಿ ಇಟಿಯೋಸ್ ಎದ್ದು ಕಾಣುತ್ತದೆ. ಅದು ಎಲ್ಲಿಂದ ಬಂತು, ಏಕೆ ಇಲ್ಲಿಗೇ ಬಂದು ನಿಂತಿತು ಎಂದು ಹುಡುಕಹೊರಟಾಗ ದೊರೆತ ಸಂಗತಿಗಳಿವು.

ಕಥೆಯ ಮೂಲ ಮಗ್ಗ ಮತ್ತು ನೇಗಿಲುಗಳಲ್ಲಿದೆ. ಜಪಾನಿನ ಸಾಕಿಚಿ ಟೊಯೋಡಾ ಎಂಬಾತ ಒಂದು ಎಳೆ ಕಡಿದರೂ ತಾನಾಗಿಯೇ ನಿಂತುಬಿಡುವ ಯಂತ್ರಮಗ್ಗವನ್ನು ರೂಪಿಸಿ ಹೆಸರು ಮಾಡಿದವನು. ಅವನ ಮಗ ಕಿಇಚಿರೊ ಮಗ್ಗದ ಕಾರ್ಖಾನೆಯ ಒಂದು ಮೂಲೆಯಲ್ಲಿ ಕಾರು ಮಾಡುವ ಪ್ರಯೋಗಕ್ಕೆ ತೊಡಗಿದ. ೧೯೩೭ರಲ್ಲಿ ಮೋಟಾರು ಸಂಸ್ಥೆ ಬೇರೆಯಾಗಿ ನಿಂತಿತು. ಟೊಯೋಡಾ ಎಂದರೆ ಸಮೃದ್ಧವಾದ ಗದ್ದೆ. ಅದನ್ನು ಟೊಯೋಟಾ ಎಂದು ತಿದ್ದಿದ್ದು ೧೯೩೬ರಲ್ಲಿ. ಹಾಗೆ ಬರೆದರೆ ಜಪಾನೀ ಲಿಪಿಯಲ್ಲಿ ಎಂಟು ಗೆರೆಗಳಾಗುತ್ತವೆ, ಎಂಟು ಅವರಿಗೆ ಶುಭಸಂಖ್ಯೆ. ಒಂದು ಅಕ್ಷರ ಬದಲಾಗಿ ಗದ್ದೆ ಮರೆಯಾಯಿತು, ವ್ಯಾಪಾರಮುದ್ರೆ ಹುಟ್ಟಿತು.

ಇತ್ತ ನಮ್ಮ ನಾಡಿನಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರರು ೧೮೮೮ರಲ್ಲಿ ಬೆಳಗಾವಿಯಲ್ಲಿ ಬೈಸಿಕಲ್ ಅಂಗಡಿ ತೆರೆದರು. ಅಲ್ಲಿಂದ ಮುಂದೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲುಗಳಿಗೆ ಕೈಹಾಕಿದರು. ಆ ಮನೆತನದ ಉದ್ಯಮ ಹರಿಹರದಲ್ಲಿ, ಬೆಂಗಳೂರಿನಲ್ಲಿ ಬೇರು ಬಿಟ್ಟಿತು. ೧೯೯೦ರ ದಶಕದ ನಡುವಿನಲ್ಲಿ ಜಿಗಣಿಯಲ್ಲಿ ಜವಳಿಯಂತ್ರಗಳನ್ನು ಮಾಡಲು ಎರಡು ಮನೆತನಗಳೂ ಕೈಜೋಡಿಸಿದವು. ೧೯೯೭ರಲ್ಲಿ ಮೋಟಾರು ವಾಹನಕ್ಕಾಗಿ ಟೊಯೋಟಾ ಕಿರ್ಲೋಸ್ಕರ್ ಎಂಬ ಜಂಟಿ ಸಂಸ್ಥೆ ನೋಂದಣಿಯಾಯಿತು. ಮೈಸೂರು ರಸ್ತೆಯಲ್ಲಿ, ತಟ್ಟೆ ಇಡ್ಲಿಗೆ ಹೆಸರಾದ ಬಿಡದಿ ಅದಕ್ಕೆ ನೆಲೆಯಾಯಿತು.

ಬಿಡದಿಯಿಂದ ಮೊದಲು ಹೊರಬಂದದ್ದು 'ಕ್ವಾಲಿಸ್', ೨೦೦೦ದ ಜನವರಿಯಲ್ಲಿ. ಅದು ಹೊಸ ವಾಹನವೇನೂ ಆಗಿರಲಿಲ್ಲ. ಇಂಡೊನೇಷ್ಯದಲ್ಲಿ ಅದೇ ವಾಹನ 'ಕಿಜಾಂಗ್' ಎಂಬ ಹೆಸರಿನಿಂದ ಓಡುತ್ತಿತ್ತು. ಅವರ ಭಾಷೆಯಲ್ಲಿ ಅದು ಜಿಂಕೆಯ ಜಾತಿಯ ಒಂದು ಕಾಡುಪ್ರಾಣಿ. ಜಿಂಕೆ ಕಡಲು ದಾಟಿ ಬಂದು ಇಲ್ಲಿ ಕಚೇರಿಗಳಿಗೆ ಜನರನ್ನು ಹೊರುವ ಎತ್ತಾಯಿತು. ಅನುವಾದ ಎಂದರೆ ಇದು: ಬೇರೆಯವರಿಗಾಗಿ ಬರೆದದ್ದನ್ನು ನಮಗೆ ಒಗ್ಗಿಸಿಕೊಂಡದ್ದು. ೨೦೦೫ರಲ್ಲಿ ಕ್ವಾಲಿಸ್ ನಿಂತು ಅದರ ಜಾಗಕ್ಕೆ ಇನ್ನೋವಾ ಬಂದಿತು.

ಇಟಿಯೋಸ್ ಹಾಗಲ್ಲದೆ ಸ್ವತಂತ್ರ ಕೃತಿ. ಯೋಶಿನೋರಿ ನೊರಿತಾಕೆ ಎಂಬ ಮುಖ್ಯ ಎಂಜಿನಿಯರರ ತಂಡ ಭಾರತದ ಮಧ್ಯಮ ವರ್ಗದ ಸಂಸಾರವನ್ನೇ ಎದುರಿಗಿಟ್ಟುಕೊಂಡು ಇದನ್ನು ರೂಪಿಸಿತು. ಐದು ಮಂದಿ ಆರಾಮವಾಗಿ ಕೂಡಬೇಕು. ಹಿಂದಿನ ಸೀಟಿನಲ್ಲಿ ನಡುವೆ ಕುಳಿತವರ ಕಾಲಿಗೆ ಅಡ್ಡಿಯಾಗದಂತೆ ನೆಲ ಸಮವಾಗಿರಬೇಕು. ನೀರಿನ ಬಾಟಲಿಗಳನ್ನು ಇಡಲು ಹಲವು ಕಡೆ ಗೂಡುಗಳಿರಬೇಕು. ಊರಿಗೆ ಹೊರಟರೆ ಅಕ್ಕಿಚೀಲ, ಹೋಳಿಗೆಯ ಡಬ್ಬ ಎಲ್ಲವನ್ನೂ ನುಂಗುವಂಥ ಡಿಕ್ಕಿ ಬೇಕು. ಆ ಡಿಕ್ಕಿಯ ಹಿಡಿತ ೫೯೫ ಲೀಟರು. ಆ ಬೆಲೆಯ ಕಾರುಗಳಲ್ಲಿ ಅಷ್ಟು ಸ್ಥಳ ಅಪರೂಪ. ೨೦೧೦ರ ಜನವರಿಯಲ್ಲಿ ದೆಹಲಿಯ ವಾಹನ ಪ್ರದರ್ಶನದಲ್ಲಿ ಅದರ ಮಾದರಿಯನ್ನು ತೋರಿಸಿದರು. ಅದೇ ವರ್ಷದ ಡಿಸೆಂಬರ್ ೧ರಂದು ಬೆಂಗಳೂರಿನಲ್ಲಿ ಅದು ಮಾರುಕಟ್ಟೆಗೆ ಬಂದಿತು. ಆರಂಭದ ಬೆಲೆ ಐದು ಲಕ್ಷ ರೂಪಾಯಿಗೆ ತುಸು ಕಡಮೆ. ಮರುವರ್ಷ ಬಾಲ ಮೊಟಕಾದ ತಮ್ಮನೊಬ್ಬ ಹುಟ್ಟಿದ. ಅವನ ಹೆಸರು 'ಲಿವಾ'.

ವ್ಯಾಕರಣದ ಪರಿಭಾಷೆಯಲ್ಲಿ ಹೇಳುವುದಾದರೆ ಇದು ತತ್ಸಮವಾಗಿ ಹುಟ್ಟಿ ತದ್ಭವವಾಗುತ್ತ ಹೋದ ಕಾರು. ಮೊದಮೊದಲು ಎಂಜಿನ್, ಗೇರುಪೆಟ್ಟಿಗೆಗಳಂಥ ಮುಖ್ಯಾಂಗಗಳು ಹೊರದೇಶದಿಂದ ಬರುತ್ತಿದ್ದವು; ಕೆಲವು ವರ್ಷಗಳಲ್ಲಿ ಅವೂ ಬಿಡದಿಯಲ್ಲೇ ತಯಾರಾಗತೊಡಗಿದವು. ತದ್ಭವವೆಂದರೆ ಕೀಳಲ್ಲವೆಂದು ನಾವು ತರಗತಿಗಳಲ್ಲಿ ಪಾಠ ಹೇಳುತ್ತ ಬಂದಿದ್ದೇವೆ. ಕಾರುಕೊಳ್ಳುವವರ ವ್ಯಾಕರಣ ಬೇರೆ.

ಯಾರಿಗಾಗಿ ಬರೆದದ್ದೋ ಆ ಓದುಗನೇ ಪುಸ್ತಕವನ್ನು ಮುಚ್ಚಿಟ್ಟರೆ ಕವಿಯ ಪಾಡೇನು? ಇಟಿಯೋಸಿಗೆ ಆದದ್ದು ಅದೇ. ಆರಂಭದ ಉತ್ಸಾಹ ಬಹುಕಾಲ ಉಳಿಯಲಿಲ್ಲ. ಒಳಗಿನ ಪ್ಲಾಸ್ಟಿಕ್ ಒರಟು, ವೇಗ ತೋರಿಸುವ ಮೀಟರು ಚಾಲಕನ ಮುಂದಿರದೆ ನಡುವಿನಲ್ಲಿದೆ, ಒಟ್ಟಿನಲ್ಲಿ ಸಪ್ಪೆ ಎಂದು ವಾಹನವಿಮರ್ಶಕರು ಬರೆದರು. ನಮ್ಮಲ್ಲಿ ಕಾರು ಕೊಳ್ಳುವವನು ಅದರೊಡನೆ ನೆರೆಹೊರೆಯವರ ಕಣ್ಣಿನಲ್ಲಿ ಒಂದು ಮೆಟ್ಟಿಲು ಮೇಲೇರುವುದನ್ನೂ ಕೊಳ್ಳುತ್ತಾನೆ. ಜೀವಮಾನದ ಉಳಿತಾಯವನ್ನು ಸುರಿಯುವಾಗ 'ಮಿತವ್ಯಯ'ದ ಗುರುತು ಎದ್ದು ಕಾಣಬಾರದೆಂಬುದು ಅವನ ಬಯಕೆ. ಅದನ್ನು ತಪ್ಪೆನ್ನಲು ನನಗೆ ಮನಸ್ಸಿಲ್ಲ.

ಅಭಿರುಚಿಯ ಜೊತೆಗೆ ಸುಂಕದ ಲೆಕ್ಕವೂ ಸೇರಿತು. ೨೦೦೬ರ ಕೇಂದ್ರ ಮುಂಗಡಪತ್ರದಲ್ಲಿ ಸಣ್ಣ ಕಾರುಗಳ ಅಬಕಾರಿ ಸುಂಕವನ್ನು ಇಳಿಸಲಾಗಿತ್ತು. ಸಣ್ಣ ಕಾರೆಂದರೆ ಯಾವುದು? ಉದ್ದ ನಾಲ್ಕು ಮೀಟರಿನೊಳಗಿರಬೇಕು, ಎಂಜಿನ್ನಿನ ಗಾತ್ರ ಗೊತ್ತಾದ ಮಿತಿಯೊಳಗಿರಬೇಕು. ಲಿವಾ ಆ ಗೆರೆಯೊಳಗಿತ್ತು. ಡಿಕ್ಕಿಯುಳ್ಳ ಇಟಿಯೋಸ್ ಸುಮಾರು ನಾಲ್ಕೂಕಾಲು ಮೀಟರು ಉದ್ದವಿದ್ದು ಗೆರೆಯಾಚೆ ಉಳಿಯಿತು. ೨೦೧೨ರಲ್ಲಿ ಮಾರುತಿಯವರು ತಮ್ಮ ಡಿಜೈರ್ ಕಾರಿನ ಬಾಲವನ್ನು ಮೊಟಕುಗೊಳಿಸಿ ನಾಲ್ಕು ಮೀಟರಿನೊಳಕ್ಕೆ ತಂದರು. ಮರುವರ್ಷ ಹೋಂಡಾದವರ ಅಮೇಜ್ ಅದೇ ಅಳತೆಯಲ್ಲಿ ಬಂದಿತು. ಸಂಸಾರದ ಗಂಟುಮೂಟೆಗೆಂದು ಪ್ರೀತಿಯಿಂದ ಬಿಟ್ಟ ಆ ಒಂದು ಗೇಣು ಸ್ಥಳವೇ ಇಟಿಯೋಸಿಗೆ ದುಬಾರಿಯಾಯಿತು. ಛಂದಸ್ಸಿನಲ್ಲಿ ಒಂದು ಮಾತ್ರೆ ಹೆಚ್ಚಿದರೂ ಪದ್ಯ ಕೆಡುವಂತೆ ಸುಂಕದ ಛಂದಸ್ಸಿನಲ್ಲಿ ಇಪ್ಪತ್ತೈದು ಸೆಂಟಿಮೀಟರು ಒಂದು ಕಾರಿನ ಭವಿಷ್ಯವನ್ನು ತಿರುಗಿಸಬಲ್ಲದು.

ಮನೆಯವರು ಬೇಡವೆಂದದ್ದನ್ನು ಬಾಡಿಗೆಯವರು ಬಾಚಿ ಅಪ್ಪಿಕೊಂಡರು. ೨೦೧೧ರಲ್ಲಿ ಡೀಸೆಲ್ ಎಂಜಿನ್ನಿನ ಇಟಿಯೋಸ್ ಬಂದಿತು. ಪೆಟ್ರೋಲಿನ ಬೆಲೆಯ ನಿಯಂತ್ರಣವನ್ನು ೨೦೧೦ರಲ್ಲಿ ತೆಗೆದುಹಾಕಿದ್ದರು; ಡೀಸೆಲ್ಲಿನ ಬೆಲೆ ೨೦೧೪ರ ತನಕ ಸರ್ಕಾರದ ಹಿಡಿತದಲ್ಲೇ ಇತ್ತು. ಕಿಲೋಮೀಟರಿಗೆ ಇಷ್ಟೆಂದು ಸಂಪಾದಿಸುವವನಿಗೆ ಆ ವ್ಯತ್ಯಾಸವೇ ಲಾಭ. ದೇವನಹಳ್ಳಿಯ ಬಳಿ ೨೦೦೮ರಲ್ಲಿ ತೆರೆದ ವಿಮಾನ ನಿಲ್ದಾಣ ಊರಿನಿಂದ ದೂರ. ಹೊರಡುವವರ ಕೈಯಲ್ಲಿ ದೊಡ್ಡ ಪೆಟ್ಟಿಗೆಗಳು. ೫೯೫ ಲೀಟರಿನ ಡಿಕ್ಕಿ ಯಾರಿಗಾಗಿ ಕಾಯುತ್ತಿತ್ತೋ ಅವರು ಸಿಕ್ಕಿದರು. ಇಟಿಯೋಸ್ ಬಂದ ತಿಂಗಳೇ, ಎಂದರೆ ೨೦೧೦ರ ಡಿಸೆಂಬರಿನಲ್ಲೇ, ಓಲಾ ಸಂಸ್ಥೆ ಹುಟ್ಟಿತು; ೨೦೧೩ರಲ್ಲಿ ಊಬರ್ ಭಾರತಕ್ಕೆ ಕಾಲಿಟ್ಟಾಗ ಮೊದಲು ಆರಿಸಿಕೊಂಡದ್ದು ಬೆಂಗಳೂರನ್ನು. ಕೈಫೋನಿನಲ್ಲಿ ಟ್ಯಾಕ್ಸಿ ಕರೆಯುವ ಕಾಲ ಬಂದಾಗ ಕರೆಗೆ ಓಗೊಟ್ಟು ಬಾಗಿಲಿಗೆ ಬಂದು ನಿಂತ ಕಾರುಗಳಲ್ಲಿ ಇಟಿಯೋಸಿನ ಪಾಲು ದೊಡ್ಡದು.

ಹಳದಿ ಬೋರ್ಡಿನ ನಂಟು ಬೆಳೆದಷ್ಟೂ ಬಿಳಿ ಬೋರ್ಡಿನ ಗಿರಾಕಿ ದೂರ ಸರಿದ. 'ಅದು ಟ್ಯಾಕ್ಸಿ ಕಾರಲ್ಲವೆ?' ಎಂಬ ಒಂದು ವಾಕ್ಯ ಎಷ್ಟೋ ಮನೆಗಳಲ್ಲಿ ತೀರ್ಪಾಯಿತು. ಆದರೆ ಆ ಮಾತಿನ ಇನ್ನೊಂದು ಮಗ್ಗುಲನ್ನು ನಾನು ಕೇಳಿದ್ದು ನಮ್ಮ ಬೀದಿಯ ಚಾಲಕರೊಬ್ಬರಿಂದ. ಸಾಲ ಮಾಡಿ ಕೊಂಡ ಡೀಸೆಲ್ ಇಟಿಯೋಸ್ ಅವರದು. ಒಮ್ಮೆ ಅವರ ಕಾರಿನಲ್ಲಿ ಯಲಹಂಕದ ತನಕ ಹೋಗುವಾಗ, ಇದು ಮಾರುಕಟ್ಟೆಯಲ್ಲಿ ಸೋತ ಕಾರಂತಲ್ಲ ಎಂದು ಕೇಳಿದೆ. ಅವರು ನಕ್ಕರು. "ಯಾರು ಮೇಷ್ಟ್ರೇ ಸೋತಿದ್ದು? ಮೂರು ಲಕ್ಷ ಕಿಲೋಮೀಟರ್ ದಾಟೈತೆ, ಎಂಜಿನ್‌ಗೆ ಕೈ ಹಾಕಿಲ್ಲ. ಸಾಲ ತೀರ್ತು, ಮಗಳ ಇಂಜಿನಿಯರಿಂಗ್ ಮುಗೀತು. ಇನ್ನೇನ್ ಗೆಲ್ಬೇಕಿತ್ತು?" ಎಂದರು. ಮಾರಾಟದ ಅಂಕಿಅಂಶಗಳಲ್ಲಿ ಈ ಲೆಕ್ಕಕ್ಕೆ ಒಂದು ಅಂಕಣವಿಲ್ಲ.

ಇನ್ನು ಕಡಲಾಚೆಗೆ ಹೋಗೋಣ. ಬಿಡದಿಯ ಕಾರುಗಳು ಚೆನ್ನೈ ಬಳಿಯ ಎಣ್ಣೂರು ಬಂದರಿನಿಂದ ಹಡಗನ್ನೇರಿ ದಕ್ಷಿಣ ಆಫ್ರಿಕಕ್ಕೆ ಹೊರಟದ್ದು ೨೦೧೨ರಲ್ಲಿ. ಅಲ್ಲಿಯೂ ನಮ್ಮಂತೆಯೇ ರಸ್ತೆಯ ಎಡಕ್ಕೆ ಓಡಿಸುವ ಪದ್ಧತಿ, ಸ್ಟಿಯರಿಂಗ್ ಬಲಕ್ಕೆ. ಆದ್ದರಿಂದ ಹೆಚ್ಚಿನ ತಿದ್ದುಪಡಿ ಬೇಕಾಗಲಿಲ್ಲ. ಟೊಯೋಟಾದ 'ಟ್ಯಾಝ್' ಎಂಬ ಅಗ್ಗದ ಕಾರು ಅಲ್ಲಿ ೨೦೦೬ರಲ್ಲಿ ನಿಂತುಹೋಗಿ, ಮೊದಲ ಬಾರಿಗೆ ಕಾರು ಕೊಳ್ಳುವವರ ಪಾಲಿಗೆ ಒಂದು ಜಾಗ ಬರಿದಾಗಿತ್ತು. ಇಟಿಯೋಸ್ ಅದನ್ನು ತುಂಬಿತು. ನಮ್ಮಲ್ಲಿ ಸಪ್ಪೆ ಎನಿಸಿದ ಗುಣವೇ ಅಲ್ಲಿ ನೆಚ್ಚಿಕೆಯ ಗುರುತಾಯಿತು. ಹೆಚ್ಚಾಗಿ ಮಾರಾಟವಾಗುವ ಸಣ್ಣ ಕಾರುಗಳ ಸಾಲಿನಲ್ಲಿ ಅದು ವರ್ಷಗಟ್ಟಲೆ ನಿಂತಿತು. ೨೦೧೭ರ ನವೆಂಬರಿನಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸುರಕ್ಷತಾ ಸಂಸ್ಥೆ ಆಫ್ರಿಕದ ಮಾರುಕಟ್ಟೆಯ ಐದು ಕಾರುಗಳನ್ನು ಗೋಡೆಗೆ ಗುದ್ದಿಸಿ ಪರೀಕ್ಷಿಸಿದ ಫಲಿತಾಂಶವನ್ನು ಹೊರಗೆಡಹಿತು. ಐದು ನಕ್ಷತ್ರಗಳ ಆ ಶ್ರೇಣಿಯಲ್ಲಿ ಒಂದು ಕಾರಿಗೆ ಸೊನ್ನೆ, ಇನ್ನೊಂದಕ್ಕೆ ಒಂದು, ಎರಡು ಕಾರುಗಳಿಗೆ ಮೂರು ಮೂರು. ನಾಲ್ಕು ನಕ್ಷತ್ರ ಪಡೆದು ಮೊದಲು ನಿಂತದ್ದು ನಮ್ಮ ಇಟಿಯೋಸ್.

ಇಲ್ಲಿ ಒಂದು ಮಾತನ್ನು ಮರೆಮಾಚಬಾರದು. ಅಪಘಾತವಾದಾಗ ಉಬ್ಬಿ ಎದೆ ತಲೆಗಳನ್ನು ಕಾಯುವ ಗಾಳಿಚೀಲಗಳು ದಕ್ಷಿಣ ಆಫ್ರಿಕಕ್ಕೆ ಹೋದ ಕಾರುಗಳಲ್ಲಿ ಮೊದಲಿನಿಂದಲೂ ಇದ್ದವು. ಭಾರತದಲ್ಲಿ ಆರಂಭದ ವರ್ಷಗಳ ಅಗ್ಗದ ಮಾದರಿಗಳಲ್ಲಿ ಅವು ಇರಲಿಲ್ಲ. ಕೆಲವು ವರ್ಷಗಳ ಬಳಿಕ ಸಂಸ್ಥೆ ತಾನಾಗಿಯೇ ಎಲ್ಲ ಮಾದರಿಗಳಿಗೂ ಅವನ್ನು ಜೋಡಿಸಿತು. ಚಾಲಕನ ಮುಂದಾದರೂ ಒಂದು ಗಾಳಿಚೀಲ ಇರಲೇಬೇಕೆಂಬ ಕಾನೂನು ನಮ್ಮಲ್ಲಿ ಬಂದದ್ದು ೨೦೧೯ರ ಜುಲೈಯಲ್ಲಿ. ಒಂದೇ ಕಾರ್ಖಾನೆ, ಅವೇ ಕೈಗಳು, ಅದೇ ಅಚ್ಚು. ಆದರೆ ಯಾವ ಜೀವಕ್ಕೆ ಎಷ್ಟು ಕಾವಲೆಂಬುದನ್ನು ಆಯಾ ನಾಡಿನ ಕೊಳ್ಳುವವರೂ ಕಾನೂನೂ ಏನನ್ನು ಕೇಳುತ್ತಾರೆಂಬುದು ನಿರ್ಧರಿಸಿತು. ಅರ್ಥ ಬದಲಾಗುವುದು ಕೆಲವೊಮ್ಮೆ ರುಚಿಯ ಪ್ರಶ್ನೆಯಷ್ಟೇ ಆಗಿರುವುದಿಲ್ಲ. ಪ್ರಾಣದ ಪ್ರಶ್ನೆಯೂ ಆಗಿರುತ್ತದೆ.

ದಕ್ಷಿಣ ಆಫ್ರಿಕದಿಂದ ಅಟ್ಲಾಂಟಿಕ್ ಸಾಗರವನ್ನು ದಾಟಿದರೆ ಬ್ರೆಜಿಲ್. ಅಲ್ಲಿಯ ಜನ ಆಡುವುದು ಪೋರ್ಚುಗೀಸ್. ನಮ್ಮ ಮನೆಯ ಅಲಮಾರು, ಅದರ ಚಾವಿ, ಅಡಿಗೆಮನೆಯ ಬಟಾಟೆ—ಇವೆಲ್ಲ ಆ ಭಾಷೆಯಿಂದ ನಮ್ಮಲ್ಲಿಗೆ ಬಂದ ಪದಗಳು. ಅದಕ್ಕೆ ಪ್ರತಿಯಾಗಿ ನಮ್ಮ ಸಂಸಾರಕ್ಕೆಂದು ರೂಪಿಸಿದ ಕಾರೊಂದು ಆ ನುಡಿಯವರ ಬೀದಿಗೆ ಹೋಯಿತೆನ್ನಬಹುದು. ಟೊಯೋಟಾ ಬ್ರೆಜಿಲ್ಲಿನಲ್ಲಿ ೧೯೫೮ರಲ್ಲೇ ನೆಲೆಯೂರಿತ್ತು. ೧೯೦೮ರಿಂದ ಹಡಗೇರಿ ಹೋಗಿ ಕಾಫಿತೋಟಗಳಲ್ಲಿ ದುಡಿದ ಜಪಾನೀಯರ ಸಂತತಿ ಅಲ್ಲಿ ದೊಡ್ಡ ಸಮುದಾಯವಾಗಿ ಬೆಳೆದಿದೆ. ೨೦೧೨ರಲ್ಲಿ ಸಾವೊ ಪಾಲೊ ರಾಜ್ಯದ ಸೊರೊಕಾಬಾ ಎಂಬ ಊರಿನಲ್ಲಿ ಇಟಿಯೋಸಿಗಾಗಿಯೇ ಹೊಸ ಕಾರ್ಖಾನೆ ಎದ್ದಿತು. ಅಲ್ಲಿ ಸ್ಟಿಯರಿಂಗ್ ಎಡಕ್ಕೆ ಸರಿಯಿತು. ಎಂಜಿನ್ನಿನ ಆಹಾರವೂ ಬದಲಾಯಿತು. ೧೯೭೦ರ ದಶಕದ ತೈಲಸಂಕಟದ ಕಾಲದಿಂದ ಬ್ರೆಜಿಲ್ಲಿನವರು ಕಬ್ಬಿನಿಂದ ತೆಗೆದ ಮದ್ಯಸಾರವನ್ನು ಇಂಧನವಾಗಿ ಬಳಸುತ್ತ ಬಂದವರು. ಪೆಟ್ರೋಲು, ಮದ್ಯಸಾರ ಯಾವುದನ್ನು ಯಾವ ಪ್ರಮಾಣದಲ್ಲಿ ಬೆರಸಿ ಸುರಿದರೂ ಓಡುವಂಥ ಎಂಜಿನ್ನನ್ನು ಅಲ್ಲಿಯ ಇಟಿಯೋಸಿಗೆ ಕೂಡಿಸಿದರು. ನಡುವಿನ ಮೀಟರನ್ನು ಕಂಡು ಅವರೂ ಗೊಣಗಿದರು. ಹಾಗಿದ್ದೂ ಕೆಟ್ಟು ನಿಲ್ಲದ ಕಾರೆಂಬ ಹೆಸರು ಅದಕ್ಕೆ ಬಂದಿತು. ಅಲ್ಲಿಂದ ಅದು ಅರ್ಜೆಂಟೀನ, ಉರುಗ್ವೆ, ಪರಾಗ್ವೆಗಳಿಗೂ ಹೋಯಿತು. ಮಂಡ್ಯದ ಕಬ್ಬಿನ ಗದ್ದೆಗಳು ಬಿಡದಿಗೆ ಒಂದು ಗಂಟೆಯ ಹಾದಿ. ಕಬ್ಬಿನ ರಸದಿಂದ ಓಡುವ ಭಾಗ್ಯ ಮಾತ್ರ ಆ ಕಾರಿಗೆ ಭೂಮಿಯ ಇನ್ನೊಂದು ಮಗ್ಗುಲಲ್ಲಿ ದೊರೆಯಿತು.

ಇಂಡೊನೇಷ್ಯದ ಕಥೆ ಚಿಕ್ಕದು. ೨೦೧೩ರಲ್ಲಿ 'ಇಟಿಯೋಸ್ ವಾಲ್ಕೊ' ಎಂಬ ಹೆಸರಿನಿಂದ ಮೊಟಕು ಬಾಲದ ಕಾರು ಅಲ್ಲಿ ಬಂದಿತು. ಅದೇ ವರ್ಷ ಅಲ್ಲಿಯ ಸರ್ಕಾರ ಕಡಮೆ ಬೆಲೆಯ, ಕಡಮೆ ಇಂಧನ ಕುಡಿಯುವ ಕಾರುಗಳಿಗೆ ತೆರಿಗೆಯ ರಿಯಾಯಿತಿ ಕೊಟ್ಟಿತು. ಆ ರಿಯಾಯಿತಿಯ ನೆರಳಿನಲ್ಲಿ ಟೊಯೋಟಾದವರದೇ 'ಆಗ್ಯಾ' ಇನ್ನೂ ಅಗ್ಗವಾಗಿ ಹುಟ್ಟಿತು. ಮೇಲೆ ಏಳು ಮಂದಿ ಕೂಡುವ ವಾಹನಗಳತ್ತ ಒಲವುಳ್ಳ ದೊಡ್ಡ ಸಂಸಾರಗಳು. ತಮ್ಮನೂ ದಾಯಾದಿಯೂ ಸೇರಿ ಒತ್ತಿದ್ದರಿಂದ ವಾಲ್ಕೊ ಕೆಲವೇ ವರ್ಷಗಳಲ್ಲಿ ಮರೆಯಾಯಿತು. ಕಿಜಾಂಗ್ ಅಲ್ಲಿಂದ ಇಲ್ಲಿಗೆ ಬಂದು ಗೆದ್ದಿತ್ತು. ಇಟಿಯೋಸ್ ಇಲ್ಲಿಂದ ಅಲ್ಲಿಗೆ ಹೋಗಿ ನಿಲ್ಲಲಾರದಾಯಿತು. ಒಂದು ಭಾಷೆಯ ಪದ ಇನ್ನೊಂದಕ್ಕೆ ಹೋಯಿತೆಂದ ಮಾತ್ರಕ್ಕೆ ತಿರುಗಿ ಒಂದು ಪದ ಬಂದು ನೆಲೆಸಬೇಕೆಂಬ ನಿಯಮವಿಲ್ಲ.

ಭಾರತದಲ್ಲಿ ಇಟಿಯೋಸಿನ ಕೊನೆ ಬಂದದ್ದು ೨೦೨೦ರಲ್ಲಿ. ಆ ವರ್ಷದ ಏಪ್ರಿಲ್ ಒಂದರಿಂದ ಹೊಗೆಯ ಮಿತಿಯನ್ನು ಬಿಗಿಗೊಳಿಸುವ ಭಾರತ್ ಸ್ಟೇಜ್ ಆರು ಎಂಬ ನಿಯಮ ಜಾರಿಗೆ ಬಂದಿತು. ಹಳೆಯ ಡೀಸೆಲ್ ಎಂಜಿನ್ನನ್ನು ಅದಕ್ಕೆ ತಕ್ಕಂತೆ ತಿದ್ದಲು ತಗಲುವ ವೆಚ್ಚ ಈ ಬೆಲೆಯ ಕಾರಿಗೆ ಹೊರೆ. ಸಂಸ್ಥೆ ಇಟಿಯೋಸ್, ಲಿವಾಗಳೆರಡನ್ನೂ ನಿಲ್ಲಿಸಿತು. ಬ್ರೆಜಿಲ್ಲಿನ ಮಾರುಕಟ್ಟೆಯಿಂದಲೂ ಅದು ೨೦೨೧ರಲ್ಲಿ ಹಿಂದೆ ಸರಿಯಿತು. ದಕ್ಷಿಣ ಆಫ್ರಿಕದಲ್ಲಿ ಅದರ ಜಾಗಕ್ಕೆ ೨೦೨೦ರಲ್ಲಿ 'ಸ್ಟಾರ್ಲೆಟ್' ಬಂದಿತು. ಮೇಲಿನ ಲಾಂಛನ ಟೊಯೋಟಾದ್ದು. ಒಳಗಿನ ಕಾರು ಗುಜರಾತಿನಲ್ಲಿ ತಯಾರಾದ ಸುಜುಕಿಯವರ ಬಲೆನೊ. ನಮ್ಮಲ್ಲಿ ೨೦೧೯ರಲ್ಲಿ ಬಂದ 'ಗ್ಲಾಂಝಾ' ಕೂಡ ಅದೇ ಬಲೆನೊ, ಹೆಸರು ಬೇರೆ. ಭಾರತಕ್ಕೆಂದೇ ಒಂದು ಸಣ್ಣ ಕಾರನ್ನು ಮೊದಲಿನಿಂದ ರೂಪಿಸುವ ಸಾಹಸಕ್ಕಿಂತ, ನಮ್ಮ ನಾಡಿನ ಮನಸ್ಸನ್ನು ಮೂವತ್ತೈದು ವರ್ಷಗಳಿಂದ ಓದಿಕೊಂಡಿದ್ದ ಇನ್ನೊಂದು ಜಪಾನೀ ಸಂಸ್ಥೆಯಿಂದ ಎರವಲು ಪಡೆಯುವುದೇ ಲೇಸೆಂದು ಟೊಯೋಟಾ ತೀರ್ಮಾನಿಸಿದಂತೆ ಕಾಣುತ್ತದೆ. ಸ್ವತಂತ್ರ ಕೃತಿಯ ಜಾಗದಲ್ಲಿ ಅಂಕಿತವಷ್ಟೇ ಬದಲಾದ ಕೃತಿ ಬಂದು ಕುಳಿತಿತು.

ಈ ಕಥೆಯಲ್ಲಿ ಕಾರನ್ನು ಮಾಡಿದವರ ಬಾಳೂ ಬೆರೆತಿದೆ. ೨೦೧೪ರ ಮಾರ್ಚಿನಲ್ಲಿ ಕೂಲಿಯ ಮಾತುಕತೆ ಮುರಿದು, ೨೦೨೦ರ ನವೆಂಬರಿನಲ್ಲಿ ಕೆಲಸಗಾರನೊಬ್ಬನ ಅಮಾನತಿನ ವಿವಾದ ಬೆಳೆದು, ಎರಡು ಬಾರಿ ಬಿಡದಿಯ ಕಾರ್ಖಾನೆಗೆ ಬೀಗ ಬಿದ್ದಿತು. ಮೂರು ಖಂಡಗಳ ಮಾತಾಡುವಾಗ ಹೆದ್ದಾರಿಯ ಬದಿಯ ಆ ಬಾಗಿಲನ್ನು ಮರೆಯುವುದು ಸುಲಭ. ಹಾಗೆ ಮರೆತರೆ ಕಥೆ ಪೂರ್ತಿಯಾಗುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ಇಟಿಯೋಸ್ ಗೆದ್ದಿತೋ ಸೋತಿತೋ ಎಂದು ಕೇಳಿದರೆ ಒಂದೇ ಮಾತಿನ ಉತ್ತರ ನನ್ನಲ್ಲಿಲ್ಲ. ಮಾಡಿದವರು ಮನಸ್ಸಿನಲ್ಲಿಟ್ಟುಕೊಂಡ ಸಂಸಾರಸ್ಥನು ಅದನ್ನು ಒಲ್ಲೆನೆಂದ. ಅವರು ಕನಸಿನಲ್ಲಿಯೂ ಎಣಿಸದಿದ್ದ ಚಾಲಕನು ಅದರಿಂದ ಒಂದು ಸಂಸಾರವನ್ನೇ ಕಟ್ಟಿದ. ಕಾವ್ಯದ ಅರ್ಥ ಕವಿಯಲ್ಲಿ ಅರ್ಧ, ಸಹೃದಯನಲ್ಲಿ ಅರ್ಧ ಎಂದು ನಮ್ಮ ಅಲಂಕಾರಶಾಸ್ತ್ರದ ಪಾಠ ಹೇಳುವಾಗ ನಾನು ವಿದ್ಯಾರ್ಥಿಗಳಿಗೆ ತಿಳಿಸುತ್ತಿದ್ದೆ. ಕಾರಿನ ವಿಷಯದಲ್ಲಿ ಸಹೃದಯನ ಪಾಲು ಅರ್ಧಕ್ಕಿಂತ ಹೆಚ್ಚೇ ಇರಬೇಕು. ಅದು ಹೊಸದಾಗಿ ತಯಾರಾಗುವುದು ನಿಂತು ವರ್ಷಗಳಾದವು. ಇಂದಿಗೂ ವಿಮಾನ ನಿಲ್ದಾಣದ ಹಾದಿಯಲ್ಲಿ, ಯಾರದೋ ಪೆಟ್ಟಿಗೆಗಳನ್ನು ಡಿಕ್ಕಿಯಲ್ಲಿ ಹೊತ್ತು, ಯಾರದೋ ಕಂತನ್ನು ತೀರಿಸುತ್ತ, ಅದು ಸದ್ದಿಲ್ಲದೆ ಓಡುತ್ತಿದೆ. ಟ್ಯಾಕ್ಸಿ ಕಾರೆಂದು ನಾವು ಮೂಗು ಮುರಿಯುವ ಮೊದಲು ಅದರ ಸ್ಟಿಯರಿಂಗ್ ಹಿಡಿದ ಕೈಗಳನ್ನೊಮ್ಮೆ ನೆನೆಯುವುದು ಒಳ್ಳೆಯದು.